ಅಪಾರ್ಟ್‌ಮೆಂಟಿನಲ್ಲಿ ಕಡಿಮೆ ಖರ್ಚಿನ ಹೋಮ್ ಥಿಯೇಟರ್: ಸಬ್‌ವೂಫರ್ ಬೇಕಾ, ಬೇಡವಾ?

ಮೂರನೇಮಹಡಿ:

ಹಾಲ್‌ನಲ್ಲಿ 55 ಇಂಚಿನ ಟಿವಿ ಇದೆ. ಚಿತ್ರದ ಬಗ್ಗೆ ತಕರಾರಿಲ್ಲ, ಸೌಂಡ್ ಮಾತ್ರ ಕೇಳುವ ಹಾಗಿಲ್ಲ. ಪಾತ್ರಗಳು ಮೆಲ್ಲಗೆ ಮಾತಾಡಿದರೆ ಏನು ಹೇಳಿದರೋ ಗೊತ್ತಾಗುವುದಿಲ್ಲ, ಕೇಳಲಿ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಫೈಟ್ ಸೀನಿಗೆ ರಿಮೋಟ್ ಹುಡುಕಬೇಕು. ಸಿನಿಮಾ ಮುಗಿಯುವ ತನಕ ಇದೇ ಕೆಲಸ.

ಹಾಲ್ ಅಂದಾಜು 11 ಅಡಿ ಅಗಲ, 13 ಅಡಿ ಉದ್ದ. ಒಂದು ಪಕ್ಕ ಊಟದ ಮೇಜಿನ ಕಡೆಗೆ ಪೂರ್ತಿ ತೆರೆದಿದೆ. ಸೋಫಾ ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ಟಿವಿಯಿಂದ ಕಿವಿಗೆ ಸುಮಾರು 10 ಅಡಿ. ಬಾಡಿಗೆ ಮನೆ, ಗೋಡೆ ಕೊರೆಯುವ ಹಾಗಿಲ್ಲ. ಕೆಳಗಿನ ಮನೆಯಲ್ಲಿ ಚಿಕ್ಕ ಮಗು ಇದೆ.

ಬಜೆಟ್ ಕಮ್ಮಿ. ಒಂದೇ ಸಲ ಎಲ್ಲ ತಗೊಳ್ಳೋಕೆ ಆಗಲ್ಲ, ಒಂದೊಂದಾಗಿ ಸೇರಿಸಿಕೊಂಡು ಹೋಗಬಹುದು. ಸೌಂಡ್‌ಬಾರ್ ಸಾಕಾ, ಇಲ್ಲ ರಿಸೀವರ್ (ಎಲ್ಲ ಸ್ಪೀಕರಿಗೂ ಸೌಂಡ್ ಹಂಚುವ ಆಂಪ್ಲಿಫೈಯರ್ ಡಬ್ಬ) ಮತ್ತು ಬೇರೆ ಬೇರೆ ಸ್ಪೀಕರ್ ತಗೊಳ್ಳಬೇಕಾ? ಸಬ್‌ವೂಫರ್ (ಬರೀ ಬಾಸ್‌ಗೆ, ಅಂದರೆ ತಗ್ಗಿನ ದಪ್ಪ ಶಬ್ದಕ್ಕೆ ಇರುವ ಸ್ಪೀಕರ್) ಇಟ್ಟರೆ ಕೆಳಗಿನವರ ಜೊತೆ ಜಗಳ ಗ್ಯಾರಂಟಿನಾ? ಡಬ್ಬದ ಮೇಲೆ 1000 ವಾಟ್, 2000 ವಾಟ್ ಅಂತೆಲ್ಲ ಬರೆದಿರುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು?

ಹಳೆರಿಸೀವರ್:

ವಾಟ್ ವಿಷಯ ಮೊದಲು ಮುಗಿಸೋಣ. ಡಬ್ಬದ ಮೇಲಿನ ದೊಡ್ಡ ನಂಬರನ್ನು ಮರೆತುಬಿಡಿ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವಾಟ್) ಅಂತ ಇದ್ದರೆ ಓದಲೇಬೇಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವಾಟ್) ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರಿನ ವಿದ್ಯುತ್ ತಡೆ), ಎಷ್ಟು ಚಾನೆಲ್ ಒಟ್ಟಿಗೆ ಓಡಿದಾಗ ಅನ್ನುವುದು ಮುಖ್ಯ. ಸಾಧಾರಣ ಬುಕ್‌ಶೆಲ್ಫ್ (ಕಪಾಟಿನಲ್ಲಿ ಇಡುವಷ್ಟು ಚಿಕ್ಕ) ಸ್ಪೀಕರಿನ ಸೆನ್ಸಿಟಿವಿಟಿ 85 ಡೆಸಿಬೆಲ್ ಆಸುಪಾಸು ಇರುತ್ತದೆ. ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 85. ನಿಮ್ಮ 10 ಅಡಿ ದೂರಕ್ಕೆ ಬರುವಷ್ಟರಲ್ಲಿ ಅದು ಸುಮಾರು 75 ಆಗುತ್ತದೆ, ಗೋಡೆಗಳಿಂದ ವಾಪಸ್ ಬರುವುದನ್ನು ಸೇರಿಸಿದರೆ ಇನ್ನೂ ಸ್ವಲ್ಪ ಜಾಸ್ತಿ. ಅಪಾರ್ಟ್‌ಮೆಂಟಿನಲ್ಲಿ ಮಾತಿಗೆ 75 ಅಂದರೆ ಆಗಲೇ ಜೋರು. ಒಂದೇ ವಾಟ್‌ನಲ್ಲಿ! ವಾಟ್ ಎರಡರಷ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಹತ್ತರಷ್ಟು ವಾಟ್ ಬೇಕು. ಹಾಗಾಗಿ 50 ವಾಟಿನ ರಿಸೀವರ್ ಮತ್ತು 80 ವಾಟಿನ ರಿಸೀವರ್ ನಡುವೆ ನಿಮ್ಮ ಹಾಲ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನಿಮ್ಮ ನಿಜವಾದ ಸಮಸ್ಯೆ ಮಾತು. 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಿಕ್ಸ್‌ನಲ್ಲಿ ಡೈಲಾಗ್ ಬಹುಪಾಲು ಬರುವುದು ನಡುವಿನ ಚಾನೆಲ್‌ನಿಂದ. ಟಿವಿ ಅದನ್ನು ಎಡ ಬಲಕ್ಕೆ ಹಂಚಿ, ಸಂಗೀತ ಸ್ಫೋಟ ಎಲ್ಲದರ ಜೊತೆ ಕಲಸಿ, ಕೆಳಕ್ಕೆ ಮುಖಮಾಡಿದ ಪುಟ್ಟ ಸ್ಪೀಕರಿನಿಂದ ಹೊರಗೆ ಬಿಡುತ್ತದೆ. ಸೆಂಟರ್ ಸ್ಪೀಕರ್ ಬೇರೆಯೇ ಇದ್ದರೆ ಅದನ್ನು ಮಾತ್ರ 2–3 ಡೆಸಿಬೆಲ್ ಏರಿಸಬಹುದು, ಉಳಿದದ್ದು ಇದ್ದ ಹಾಗೇ ಇರುತ್ತದೆ. ನಿಮ್ಮ ದುಡ್ಡು ಮೊದಲು ಹೋಗಬೇಕಾದದ್ದು ಇಲ್ಲಿಗೆ.

ನಾನಾಗಿದ್ದರೆ ಸೆಕೆಂಡ್ ಹ್ಯಾಂಡ್ ಎವಿ ರಿಸೀವರ್ ಹುಡುಕುತ್ತೇನೆ. ಮೊದಲು ಎರಡು ಬುಕ್‌ಶೆಲ್ಫ್, ಆಮೇಲೆ ಅದೇ ಸರಣಿಯ ಸೆಂಟರ್, ಆಮೇಲೆ ಸಬ್, ಕೊನೆಗೆ ಹಿಂದಿನ ಎರಡು. ನಾಲ್ಕೈದು ವರ್ಷ ಹಳೆಯ ರಿಸೀವರ್ ಆದರೂ ಪರವಾಗಿಲ್ಲ. ಹೊಸ 4ಕೆ ಪ್ಲೇಯರ್, ಗೇಮ್ ಕನ್ಸೋಲ್ ಎಲ್ಲ ಟಿವಿಗೆ ಚುಚ್ಚಿ. ಟಿವಿಯಿಂದ ಒಂದೇ ಕೇಬಲ್‌ನಲ್ಲಿ ಸೌಂಡ್ ರಿಸೀವರಿಗೆ ಬರಲಿ. ಆಗ ಅದು ಹೊಸ ವಿಡಿಯೋ ಫಾರ್ಮ್ಯಾಟಿಗೆ ಒಗ್ಗದಿದ್ದರೂ ತಲೆಬಿಸಿ ಇಲ್ಲ.

ಹಳೇದು ತಗೊಳ್ಳುವಾಗ ಅಲ್ಲೇ ನಿಂತು ಆನ್ ಮಾಡಿಸಿ. ಟೆಸ್ಟ್ ಟೋನ್ ಹಾಕಿ ಎಲ್ಲ ಚಾನೆಲ್ ಕೇಳಿ, ಎಲ್ಲ ಎಚ್‌ಡಿಎಂಐ ಪೋರ್ಟ್ ಕೆಲಸ ಮಾಡುತ್ತವಾ ನೋಡಿ. ರಿಸೀವರಿನಲ್ಲಿ ಮೊದಲು ಕೈಕೊಡುವುದು ಹೆಚ್ಚಾಗಿ ಎಚ್‌ಡಿಎಂಐ ಬೋರ್ಡೇ. ರೂಮ್ ಅಳೆಯುವ ಮೈಕ್ ಜೊತೆಗಿದೆಯಾ ಕೇಳಿ, ಅದನ್ನು ಎಲ್ಲರೂ ಕಳೆದಿರುತ್ತಾರೆ. ಹಳೆಯ ಸ್ಪೀಕರ್ ಆದರೆ ಮುಂದಿನ ಜಾಲರಿ ತೆಗೆದು ಕೋನ್ ಸುತ್ತ ಇರುವ ಫೋಮ್ ಅಂಚನ್ನು ಮುಟ್ಟಿ ನೋಡಿ. ಪುಡಿಯಾಗುತ್ತಿದ್ದರೆ ಬಿಟ್ಟುಬಿಡಿ.

ಕೇಬಲ್_ಬೇಡಪ್ಪ:

ಮೇಲಿನವರು ಹೇಳಿದ್ದು ಸರಿ, ಆದರೆ ಬಾಡಿಗೆ ಮನೆಯಲ್ಲಿ ಎಲ್ಲರಿಗೂ ಅಷ್ಟು ಡಬ್ಬ, ಅಷ್ಟು ವೈರ್ ಇಟ್ಟುಕೊಳ್ಳುವ ತಾಳ್ಮೆ ಇರುವುದಿಲ್ಲ. ಮನೆ ಬದಲಾಯಿಸುವಾಗ ಅದನ್ನೆಲ್ಲ ಬಿಚ್ಚಿ ಕಟ್ಟೋರು ಯಾರು ಸ್ವಾಮಿ? ಸೌಂಡ್‌ಬಾರ್ ಅಂದ ತಕ್ಷಣ ಮೂಗು ಮುರಿಯಬೇಕಾಗಿಲ್ಲ. ಒಂದೇ ಷರತ್ತು, 2.1 ತಗೊಳ್ಳಬೇಡಿ. 3.1 ಅಥವಾ ಅದಕ್ಕಿಂತ ಮೇಲಿನದು ತಗೊಳ್ಳಿ. ಮೊದಲ ಅಂಕೆ 3 ಇದ್ದರೆ ನಡುವೆ ಡೈಲಾಗಿಗೆ ಅಂತಲೇ ಒಂದು ಸ್ಪೀಕರ್ ಇದೆ ಅಂತ ಅರ್ಥ. 2.1 ಬಾರ್‌ನಲ್ಲಿ ಟಿವಿಯ ಸಮಸ್ಯೆಯೇ ದಪ್ಪ ದನಿಯಲ್ಲಿ ಮುಂದುವರಿಯುತ್ತದೆ ಅಷ್ಟೆ.

ವೈರ್‌ಲೆಸ್ ಹಿಂಬದಿ ಸ್ಪೀಕರ್ ಅಂತ ಮಾರುತ್ತಾರೆ. ಅದಕ್ಕೂ ಕರೆಂಟ್ ವೈರ್ ಬೇಕೇ ಬೇಕು, ಸೋಫಾ ಹಿಂದೆ ಪ್ಲಗ್ ಪಾಯಿಂಟ್ ಇದೆಯಾ ಮೊದಲು ನೋಡಿಕೊಳ್ಳಿ. ಮೇಲಕ್ಕೆ ಸೌಂಡ್ ಎಸೆದು ಚಾವಣಿಯಿಂದ ಬೀಳಿಸುವ ಅಟ್ಮಾಸ್ ಬಾರ್‌ಗೆ ಸಪಾಟಾದ ಗಟ್ಟಿ ಚಾವಣಿ ಬೇಕು. ತೊಲೆ, ಮೆಟ್ಟಿಲು ಮೆಟ್ಟಿಲಾದ ಫಾಲ್ಸ್ ಸೀಲಿಂಗ್ ಇದ್ದರೆ ಆ ದುಡ್ಡು ವೇಸ್ಟ್. ಕಮ್ಮಿ ಬಜೆಟ್‌ನಲ್ಲಿ ಅಟ್ಮಾಸ್ ಅನ್ನುವ ಸ್ಟಿಕ್ಕರಿಗೆ ದುಡ್ಡು ಕೊಡಬೇಡಿ ಅನ್ನುವುದು ನನ್ನ ಅಭಿಪ್ರಾಯ, ಬೈಯುವವರು ಬೈಯಬಹುದು.

ಕೆಳಮನೆಯವ:

ನಾನು ಹೆಸರಿಗೆ ತಕ್ಕ ಹಾಗೆ ಕೆಳಗಿನ ಮನೆಯಲ್ಲಿ ಇರುವವನು, ಆ ಕಡೆಯಿಂದ ಮಾತಾಡುತ್ತೇನೆ. ನಮ್ಮ ಮೇಲಿನವರ ಸಿನಿಮಾದ ಒಂದು ಮಾತೂ ನನಗೆ ಕೇಳುವುದಿಲ್ಲ. ಕೇಳುವುದು ಬರೀ ಧುಮ್ ಧುಮ್.

ಕಾರಣ ಇಷ್ಟೆ. ಮಾತಿನ ಸ್ಪಷ್ಟತೆ ಇರುವ ಶಬ್ದ, ಉದಾಹರಣೆಗೆ 3000 ಹರ್ಟ್ಜ್, ಅದರ ಅಲೆಯ ಉದ್ದ 11 ಸೆಂಟಿಮೀಟರ್. ಗೋಡೆ, ಸ್ಲ್ಯಾಬ್ ಅದನ್ನು ಸುಲಭವಾಗಿ ತಡೆಯುತ್ತವೆ. 40 ಹರ್ಟ್ಜ್ ಬಾಸ್‌ನ ಅಲೆ ಎಂಟೂವರೆ ಮೀಟರ್, ನಿಮ್ಮ ಹಾಲ್‌ಗಿಂತ ದೊಡ್ಡದು. ಅದನ್ನು ತಡೆಯಲು ತೂಕ ಬೇಕು. ಗೋಡೆಯ ತೂಕವನ್ನು ಎರಡರಷ್ಟು ಮಾಡಿದರೂ ಸೋರುವ ಶಬ್ದ ಸುಮಾರು 6 ಡೆಸಿಬೆಲ್ ಅಷ್ಟೇ ತಗ್ಗುತ್ತದೆ. ಬಾಡಿಗೆ ಮನೆಯಲ್ಲಿ ಇದು ಆಗುವ ಮಾತಲ್ಲ. ಫೋಮ್ ಅಂಟಿಸಿದರೆ, ಮೊಟ್ಟೆ ಟ್ರೇ ಹೊಡೆದರೆ ಶಬ್ದ ಹೊರಗೆ ಹೋಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಫೋಮ್ ಒಳಗಿನ ಪ್ರತಿಧ್ವನಿಯನ್ನು ಸ್ವಲ್ಪ ಕಮ್ಮಿ ಮಾಡುತ್ತದೆ, ಅದೂ ಮೇಲಿನ ಸ್ವರಗಳಲ್ಲಿ. ಟ್ರೇ ಅದನ್ನೂ ನೆಟ್ಟಗೆ ಮಾಡುವುದಿಲ್ಲ.

ಸಬ್ ಕೆಳಗೆ ರಬ್ಬರ್ ಅಥವಾ ಫೋಮ್ ಪ್ಯಾಡ್ ಇಡಿ ಅಂತಾರೆ. ಇಡಿ, ತಪ್ಪಿಲ್ಲ. ಡಬ್ಬದ ನಡುಕ ನೇರ ನೆಲಕ್ಕೆ ಇಳಿಯುವುದು ತಗ್ಗುತ್ತದೆ. ಆದರೆ ಗಾಳಿಯಲ್ಲಿ ಹೋಗಿ ಸ್ಲ್ಯಾಬನ್ನು ಅಲುಗಾಡಿಸುವ ಬಾಸ್ ಹಾಗೇ ಇರುತ್ತದೆ. ಪ್ಯಾಡ್ ಇಟ್ಟಿದ್ದೀನಲ್ಲ ಅಂತ ಧೈರ್ಯವಾಗಿ ವಾಲ್ಯೂಮ್ ಏರಿಸುವವರೇ ಜಾಸ್ತಿ ತೊಂದರೆ.

ನನ್ನ ಸಲಹೆ, ಮೊದಲು ಸಬ್ ಇಲ್ಲದೆ 3.0 ಮಾಡಿ. ಐದಾರು ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಎಷ್ಟೋ ಕೆಳಗಿನ ತನಕ ಇಳಿಯುತ್ತದೆ. ಕೆಲವು ತಿಂಗಳು ಕೇಳಿ, ಆಮೇಲೂ ಏನೋ ಕಮ್ಮಿ ಅನ್ನಿಸಿದರೆ ಯೋಚನೆ ಮಾಡಿ.

ಮೂರನೇಮಹಡಿ:

ಅಯ್ಯೋ, ಫೋಮ್ ಆರ್ಡರ್ ಮಾಡುವುದರಲ್ಲಿದ್ದೆ. ಸರಿ, ರಿಸೀವರ್ ದಾರಿಯೇ ಇಷ್ಟವಾಯಿತು, ಒಂದೊಂದಾಗಿ ಸೇರಿಸಬಹುದಲ್ಲ. ಮೂರು ಅನುಮಾನ ಉಳಿದಿದೆ. ಸಬ್ ತಗೊಂಡರೆ ಎಲ್ಲಿಡಲಿ? ಎಲ್ಲರೂ ಮೂಲೆ ಅಂತಾರೆ. ಸೋಫಾ ಗೋಡೆಗೆ ಒತ್ತಿದ್ದರೆ ಹಿಂದಿನ ಸ್ಪೀಕರಿಗೆ ಜಾಗವೇ ಇಲ್ಲ, ಏನು ಮಾಡೋದು? ಇನ್ನೊಂದು, ನನ್ನ ಟಿವಿಯಲ್ಲಿ ಬರೀ ಆರ್ಕ್ (ಟಿವಿಯ ಸೌಂಡನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರಿಗೆ ಕಳಿಸುವ ದಾರಿ) ಇದೆ, ಅದರ ಹೊಸ ರೂಪ ಇ-ಆರ್ಕ್ ಇಲ್ಲ. ಟಿವಿಯನ್ನೇ ಬದಲಾಯಿಸಬೇಕಾ?

ಹಳೆರಿಸೀವರ್:

ಮೂಲೆ ಬೇಡ. ಗೋಡೆ ಹತ್ತಿರ ಬಂದಷ್ಟೂ ಬಾಸ್ ಏರುತ್ತದೆ, ಮೂಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ. ಬಂಗಲೆಯಲ್ಲಿ ಅದು ಪುಕ್ಕಟೆ ಲಾಭ. ನಿಮಗೆ ಅದು ಗುಂಯ್ ಅನ್ನುವ ಬಾಸ್, ಕೆಳಗಿನವರಿಗೆ ಕಿರಿಕಿರಿ.

ಅಪಾರ್ಟ್‌ಮೆಂಟಿನಲ್ಲಿ ಸಬ್ ಇಡಬೇಕಾದ್ದು ನಿಮ್ಮ ಪಕ್ಕದಲ್ಲೇ. ಸೋಫಾ ತೋಳಿನ ಬದಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಮೇಲೆ ದೀಪ ಇಟ್ಟುಕೊಂಡರೂ ಆಯಿತು. ಹತ್ತಿರ ಇದ್ದರೆ ಕಿವಿಗೆ ಅಷ್ಟೇ ಬಾಸ್ ಸಿಗಲು ಸಬ್ ಕಮ್ಮಿ ಕೆಲಸ ಮಾಡಿದರೆ ಸಾಕು, ಹಾಗಾಗಿ ಮನೆಯ ಉಳಿದ ಭಾಗಕ್ಕೆ, ಸ್ಲ್ಯಾಬಿಗೆ ಹೋಗುವುದೂ ಕಮ್ಮಿ. ಬಯಲಿನಲ್ಲಿ ದೂರ ಅರ್ಧ ಮಾಡಿದರೆ 6 ಡೆಸಿಬೆಲ್ ಸಿಗುತ್ತದೆ. ರೂಮಿನೊಳಗೆ ಲೆಕ್ಕ ಅಷ್ಟು ಸಲೀಸಲ್ಲ, ಆದರೂ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬಾಸ್ ಪಕ್ಕದಿಂದ ಬರುತ್ತಿದೆ ಅನ್ನಿಸಲ್ವಾ ಅಂತ ಕೇಳಬಹುದು. ಕ್ರಾಸ್ಓವರ್ (ಸಬ್ ಮತ್ತು ಉಳಿದ ಸ್ಪೀಕರ್ ಸ್ವರ ಹಂಚಿಕೊಳ್ಳುವ ಗಡಿ) 80 ಹರ್ಟ್ಜ್‌ಗೆ ಇಟ್ಟರೆ ಅನ್ನಿಸುವುದಿಲ್ಲ, ಅದಕ್ಕಿಂತ ಕೆಳಗಿನ ಸ್ವರದ ದಿಕ್ಕು ಕಿವಿಗೆ ಹಿಡಿಯುವುದು ಕಷ್ಟ. 120ಕ್ಕೆ ಏರಿಸಿದರೆ ಮಾತ್ರ ಗಂಡಸರ ದನಿ ಸೋಫಾ ಪಕ್ಕದಿಂದ ಬಂದ ಹಾಗಾಗುತ್ತದೆ. ಚಿಕ್ಕ ಸೀಲ್ಡ್ (ಪೂರ್ತಿ ಮುಚ್ಚಿದ ಡಬ್ಬದ) ಸಬ್ ಸಾಕು, ಪೋರ್ಟ್ (ಗಾಳಿ ರಂಧ್ರ) ಇರುವ 12 ಇಂಚಿನದು ನಿಮಗಲ್ಲ.

ಸೆಟ್ಟಿಂಗ್ ವಿಷಯ. ರಿಸೀವರಿನಲ್ಲಿ ಎಲ್ಲ ಸ್ಪೀಕರ್ ‘ಸ್ಮಾಲ್’ (ಬಾಸ್ ಸಬ್‌ಗೆ ಹೋಗಲಿ ಅನ್ನುವ ಆಯ್ಕೆ) ಅಂತ ಇರಲಿ, ಕ್ರಾಸ್ಓವರ್ 80. ಸಬ್ ಹಿಂದೆ ಇರುವ ಕ್ರಾಸ್ಓವರ್ ತಿರುಗುಣಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಡಿ, ಇಲ್ಲದಿದ್ದರೆ ಎರಡೂ ಒಟ್ಟಿಗೆ ಕತ್ತರಿಸುತ್ತವೆ. ಆಮೇಲೆ ಮೈಕ್ ಇಟ್ಟು ಅಳತೆ ಓಡಿಸಿ. ಮೈಕ್ ಕಿವಿಯ ಎತ್ತರದಲ್ಲಿರಲಿ, ಕುಶನ್ ಮೇಲೆ ಬಿಸಾಕಬೇಡಿ.

ಸೋಫಾವನ್ನು ಒಂದಡಿ ಆದರೂ ಮುಂದಕ್ಕೆ ಎಳೆಯಿರಿ. ಗೋಡೆಗೆ ತಾಗಿದ ಜಾಗದಲ್ಲಿ ಬಾಸ್ ಉಬ್ಬಿರುತ್ತದೆ, ಮಾತೂ ಗೋಡೆಗೆ ಹೊಡೆದು ತಕ್ಷಣ ವಾಪಸ್ ಬರುತ್ತದೆ. ಸರೌಂಡ್ ಸ್ಪೀಕರನ್ನು ಹಿಂದೆ ಇಡಲೇಬೇಕು ಅಂತೇನಿಲ್ಲ. 5.1ರಲ್ಲಿ ಅದರ ಜಾಗ ಕಿವಿಯ ನೇರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, 90ರಿಂದ 110 ಡಿಗ್ರಿ. ಎರಡು ಸ್ಟ್ಯಾಂಡ್ ತಗೊಂಡು ಸೋಫಾದ ಅಕ್ಕಪಕ್ಕ, ಕಿವಿಗಿಂತ ಒಂದಡಿ ಎತ್ತರಕ್ಕೆ ನಿಲ್ಲಿಸಿ. ಗೋಡೆ ಕೊರೆಯೋದೇ ಬೇಡ. ವೈರ್ 16 ಗೇಜ್ ಸಾಕು, 8 ಓಮ್ ಸ್ಪೀಕರಿಗೆ 10 ಮೀಟರ್ ಎಳೆದರೂ ಏನೂ ಆಗುವುದಿಲ್ಲ. ಚಿನ್ನದ ಲೇಪ, ಆಮ್ಲಜನಕವಿಲ್ಲದ ತಾಮ್ರ ಅಂತ ಹೇಳಿ ಹತ್ತರಷ್ಟು ಬೆಲೆ ಹೇಳಿದರೆ ನಗುತ್ತಾ ಮುಂದೆ ಹೋಗಿ.

ಕೇಬಲ್_ಬೇಡಪ್ಪ:

ಟಿವಿ ಬದಲಾಯಿಸೋದು ಬೇಡ್ವೇ ಬೇಡ. ಸ್ಟ್ರೀಮಿಂಗ್ ಆಪ್‌ಗಳಲ್ಲಿ 5.1 ಬಹುತೇಕ ಡಾಲ್ಬಿ ಡಿಜಿಟಲ್ ಪ್ಲಸ್ ಅನ್ನುವ ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಅಟ್ಮಾಸ್ ಇದ್ದರೂ ಅದರೊಳಗೇ ಕೂತಿರುತ್ತದೆ. ಇದಕ್ಕೆ ಆರ್ಕ್ ಸಾಕು. ಇ-ಆರ್ಕ್ ಬೇಕಾಗುವುದು ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ ಥರದ ದೊಡ್ಡ ಗಾತ್ರದ ಸೌಂಡಿಗೆ, ಅಥವಾ ಕನ್ಸೋಲ್ ಕಳಿಸುವ ಕುಗ್ಗಿಸದ 5.1 ಪಿಸಿಎಂಗೆ. ರಿಸೀವರ್ ತೀರಾ ಹಳೇದಾಗಿ ಆರ್ಕ್ ಇಲ್ಲದಿದ್ದರೆ ಆಪ್ಟಿಕಲ್ ಕೇಬಲ್ ಇದೆ, ಅದರಲ್ಲೂ ಸಾದಾ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ.

ಆದರೆ ಟಿವಿಯ ಸೌಂಡ್ ಮೆನುವಿನಲ್ಲಿ ಡಿಜಿಟಲ್ ಔಟ್‌ಪುಟ್ ‘ಪಿಸಿಎಂ’ ಅಂತ ಇದ್ದರೆ ಬದಲಾಯಿಸಿ. ‘ಆಟೋ’, ‘ಪಾಸ್‌ಥ್ರೂ’, ‘ಬಿಟ್‌ಸ್ಟ್ರೀಮ್’ ಅಂತ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಪಿಸಿಎಂನಲ್ಲೇ ಬಿಟ್ಟರೆ ಆರ್ಕ್ ಮೇಲೆ ಬರುವುದು ಬರೀ ಸ್ಟೀರಿಯೋ. ಎಷ್ಟೋ ಮನೆಯಲ್ಲಿ ಐದು ಸ್ಪೀಕರ್ ಇಟ್ಟುಕೊಂಡು ಎರಡೇ ಚಾನೆಲ್ ಕೇಳುತ್ತಿರುತ್ತಾರೆ. ರಿಸೀವರ್ ಪರದೆಯಲ್ಲಿ ಡಾಲ್ಬಿ ಅಂತ ಬರುತ್ತದಾ ನೋಡಿ, ಅದೊಂದೇ ಸಾಕ್ಷಿ.

ಕೆಳಮನೆಯವ:

ಸಬ್ ಸೋಫಾ ಪಕ್ಕ ಇಡುವುದು ಒಪ್ಪಿದೆ, ನನ್ನ ಮೇಲಿನವರಿಗೂ ಇದನ್ನೇ ಹೇಳುತ್ತೇನೆ. ಆದರೆ ಒಂದು ತೊಡಕಿದೆ. ವಾಲ್ಯೂಮ್ ಕಮ್ಮಿ ಮಾಡಿದಾಗ ಕಿವಿಗೆ ಬಾಸ್ ಎಲ್ಲಕ್ಕಿಂತ ಮೊದಲು ಮಾಯವಾಗುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು ಇದನ್ನು ಅಳೆದಿದ್ದರು. ಅದನ್ನು ಸರಿದೂಗಿಸಲು ಆಡಿಸ್ಸಿ (ರೂಮ್ ಅಳೆದು ಸೌಂಡ್ ಸರಿಮಾಡುವ ತಂತ್ರಾಂಶ) ಇರುವ ರಿಸೀವರಿನಲ್ಲಿ ‘ಡೈನಾಮಿಕ್ ಇಕ್ಯೂ’ ಅಂತ ಇದೆ, ಬೇರೆಯವರಲ್ಲೂ ಇಂಥದ್ದೇ ಏನಾದರೂ ಇರುತ್ತದೆ. ವಾಲ್ಯೂಮ್ ಇಳಿಸಿದಷ್ಟೂ ಅದು ಬಾಸ್ ಏರಿಸುತ್ತಾ ಹೋಗುತ್ತದೆ. ನಿಮಗೆ ಅದು ಸಹಜವಾಗಿ ಕೇಳುತ್ತದೆ, ನನಗೆ ರಾತ್ರಿ ಹನ್ನೊಂದಕ್ಕೂ ಧುಮ್ ಧುಮ್. ಹಗಲು ಹಾಕಿಕೊಳ್ಳಿ, ರಾತ್ರಿ ಆಫ್ ಮಾಡಿ. ರಾತ್ರಿಗೆ ‘ನೈಟ್ ಮೋಡ್’ ಅಥವಾ ‘ಡೈನಾಮಿಕ್ ರೇಂಜ್’ ಕಮ್ಮಿ ಮಾಡುವ ಸೆಟ್ಟಿಂಗ್ ಹುಡುಕಿ. ಅದು ಸ್ಫೋಟವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ, ನಿಮ್ಮ ರಿಮೋಟ್ ಓಟಕ್ಕೂ ಅದೇ ಮದ್ದು. ಅದಿದ್ದರೂ ಸಬ್ ಲೆವೆಲನ್ನು ರಿಮೋಟಿನಲ್ಲೇ 5–6 ಡೆಸಿಬೆಲ್ ಇಳಿಸುವ ದಾರಿ ತಿಳಿದುಕೊಂಡಿರಿ.

ಇನ್ನೊಂದು ಮಾತು. ಕೆಳಗಿನವರ ಹತ್ತಿರ ನೀವೇ ಮೊದಲು ಹೋಗಿ ನಂಬರ್ ಕೊಡಿ. ಒಂದು ಸೀನ್ ಹಾಕಿಟ್ಟು, ಅವರ ಬೆಡ್‌ರೂಮಿನಲ್ಲಿ ಕೇಳುತ್ತದಾ ಅಂತ ಕೇಳಿ, ಕೇಳದ ಮಟ್ಟವನ್ನು ಗುರುತಿಟ್ಟುಕೊಳ್ಳಿ. ಯಾವ ಪ್ಯಾಡ್‌ಗಿಂತಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೇಮಹಡಿ:

ಪಿಸಿಎಂ ಅಂತಲೇ ಇತ್ತು! ಬದಲಾಯಿಸಿದೆ. ಸದ್ಯಕ್ಕೆ ರಿಸೀವರ್, ಎರಡು ಬುಕ್‌ಶೆಲ್ಫ್, ಸೆಂಟರ್, ಇಷ್ಟಕ್ಕೇ ನಿಲ್ಲಿಸುತ್ತೇನೆ. ಸೆಂಟರ್ ಟಿವಿ ಸ್ಟ್ಯಾಂಡಿನ ಕೆಳಗಿನ ಗೂಡಿನಲ್ಲಿ ಇಡಬಹುದಾ? ಮೇಲೆ ಜಾಗ ಇಲ್ಲ.

ಹಳೆರಿಸೀವರ್:

ಇಡಬಹುದು, ಆದರೆ ಗೂಡಿನ ಒಳಕ್ಕೆ ತಳ್ಳಬೇಡಿ. ಸ್ಪೀಕರಿನ ಮುಖ ಗೂಡಿನ ಅಂಚಿಗೆ ಸಮ ಬರಲಿ, ಇಲ್ಲ ಒಂದು ಬೆರಳಷ್ಟು ಮುಂದೆ ಬರಲಿ. ಒಳಗಿದ್ದರೆ ಹಲಗೆಗೆ ಹೊಡೆದು ಮಾತು ಮಂಕಾಗುತ್ತದೆ. ಮುಂಭಾಗದ ಕೆಳಗೆ ರಬ್ಬರ್ ತುಂಡು ಇಟ್ಟು ಮೂತಿಯನ್ನು ಕಿವಿಯ ಕಡೆಗೆ ಎತ್ತಿ. ರಿಸೀವರನ್ನು ಮಾತ್ರ ಅದೇ ಗೂಡಿಗೆ ತುರುಕಬೇಡಿ, ಅದಕ್ಕೆ ಮೇಲೆ ನಾಲ್ಕೈದು ಇಂಚು ಗಾಳಿ ಬೇಕು.