ಅಪ್‌ಡೇಟ್: ರಾಸ್ಪ್‌ಬೆರಿ ಪೈ 4ಗೆ ಎ2 ಕಾರ್ಡಾ, ಎಸ್‌ಎಸ್‌ಡಿನಾ?

ಹಿಂದೆ ಕೇಳಿದ್ದೆ: ನನ್ನ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಹಳೇ ಎ1 ಮೈಕ್ರೋಎಸ್‌ಡಿ ಕಾರ್ಡಿನಲ್ಲಿ ತೆವಳ್ತಾ ಇದೆ, ಎ2 ಕಾರ್ಡ್ ತಗೊಳ್ಳಲಾ ಅಥವಾ ಸಣ್ಣ ಎಸ್‌ಎಸ್‌ಡಿ ಹಾಕಲಾ ಅಂತ (ಎ1, ಎ2 ಅನ್ನೋದು ಕಾರ್ಡಿನ ವೇಗದ ದರ್ಜೆ). ಎರಡನ್ನೂ ತಂದು ಎಫ್‌ಐಓ ಅನ್ನೋ ವೇಗ ಅಳೆಯೋ ಸಾಫ್ಟ್‌ವೇರಿನಲ್ಲಿ ಅಳೆದು ನೋಡಿದೆ.

ಎ2 ಕಾರ್ಡಿನಿಂದ ಹೇಳಿಕೊಳ್ಳುವಂಥ ಲಾಭ ಏನೂ ಆಗಲಿಲ್ಲ. ಸೆಕೆಂಡಿಗೆ 4000 ರ‍್ಯಾಂಡಮ್ ರೀಡ್, 2000 ರೈಟ್ (ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಓದು, ಬರಹ) ಅನ್ನೋದು ಎ2 ಲೆಕ್ಕ (ಎ1ಗೆ 1500, 500), ಆದರೆ ಅದು ಸಿಗಬೇಕಾದರೆ ಕಾರ್ಡಿನ ಕಮಾಂಡ್ ಕ್ಯೂ (ಬಂದ ಕೆಲಸಗಳನ್ನು ಸಾಲಾಗಿ ಇಟ್ಟುಕೊಳ್ಳೋದು) ಮತ್ತು ಕ್ಯಾಶ್ (ತಾತ್ಕಾಲಿಕ ಮೆಮೊರಿ) ಎರಡನ್ನೂ ಬಳಸಿಕೊಳ್ಳೋದು ಯಂತ್ರಕ್ಕೆ ಗೊತ್ತಿರಬೇಕು, ಪೈ 4ಗೆ ಅದು ಬರಲ್ಲ. ಮೇಲಿಂದ ಅದರ ಕಾರ್ಡ್ ಸ್ಲಾಟೇ ಸೆಕೆಂಡಿಗೆ 50 ಎಂಬಿ ದಾಟಲ್ಲ, ಹಾಗಾಗಿ ಪ್ಯಾಕೆಟ್ ಮೇಲೆ 160, 170 ಅಂತ ದಪ್ಪಗೆ ಬರೆದಿರೋದೆಲ್ಲ ಇಲ್ಲಿ ಸುಮ್ನೆ ಅಲಂಕಾರ.

ಎಸ್‌ಎಸ್‌ಡಿ ವಿಷಯ ಬೇರೆ. ಸಾಟಾ ಡ್ರೈವನ್ನು ಯುಎಸ್‌ಬಿ ಕೇಸಿಗೆ ಹಾಕಿ ನೀಲಿ ಪೋರ್ಟಿಗೆ (ಯುಎಸ್‌ಬಿ 3.0) ಚುಚ್ಚಿದೆ, ಸೆಕೆಂಡಿಗೆ 300 ಎಂಬಿ ಮೇಲೆ ಓದುತ್ತೆ. ಅದಕ್ಕಿಂತ ಖುಷಿ ಕೊಟ್ಟಿದ್ದು 4 ಕೆಬಿ ರ‍್ಯಾಂಡಮ್ ರೈಟ್. ಡೇಟಾಬೇಸ್, ಲಾಗ್ ಎಲ್ಲ ಬರೆಯೋದು ಹೀಗೆ ಚೂರುಚೂರಾಗಿ ಅಲ್ವಾ, ಕಾರ್ಡ್ ಸುಸ್ತಾಗುತ್ತಿದ್ದದ್ದೂ ಅಲ್ಲೇ. ಕಪ್ಪು ಪೋರ್ಟಿಗೆ ಮಾತ್ರ ಹಾಕಬೇಡಿ, ಅದು ಯುಎಸ್‌ಬಿ 2.0, 40 ಎಂಬಿ ಹತ್ತಿರ ನಿಂತುಬಿಡುತ್ತೆ.

ಒಂದು ತಲೆನೋವು: ಮೊದಲು ತಂದ ಅಗ್ಗದ ಕೇಸ್ ಯುಎಎಸ್ಪಿ ಮೋಡಿನಲ್ಲಿ (ಯುಎಸ್‌ಬಿ ಡ್ರೈವ್ ವೇಗವಾಗಿ ಓಡಿಸೋ ವಿಧಾನ) ನಡುನಡುವೆ ಹ್ಯಾಂಗ್ ಆಗ್ತಿತ್ತು. ಬೇರೆ ಚಿಪ್ ಇರೋ ಕೇಸ್ ಹಾಕಿದ ಮೇಲೆ ಸರಿಹೋಯಿತು. ಎ2 ಕಾರ್ಡ್ ಈಗ ಫೋನಿನಲ್ಲಿದೆ.