ಪದ ಬೇಕು: ಸ್ಕೂಬಾ ಸಲಕರಣೆಗಳ ಬೋರ್ಡಿಗೆ (ತುರ್ತು)

ಬರೆದವರು: ಅನುವಾದಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಕರೆದೊಯ್ಯುವ ಅಂಗಡಿಯವರಿಗೆ ಒಂದು ಬೋರ್ಡ್ ಬರೆದುಕೊಡಬೇಕು. ಪೇಂಟರ್ ಶುಕ್ರವಾರ ಬರುತ್ತಾನಂತೆ. ಸಲಕರಣೆ ಕೊಡುವ ಕೋಣೆಯ ಗೋಡೆಗೆ ಹಾಕುವ ಬೋರ್ಡ್ ಅದು. ಯಾವುದು ಏನು, ತನಗೆ ಸರಿಹೊಂದುವುದನ್ನು ಹೇಗೆ ಆರಿಸಿಕೊಳ್ಳಬೇಕು ಎಂದು ಮೊದಲ ಸಲ ಬಂದವರಿಗೆ ತಿಳಿಯಬೇಕು. ನಾನು ಹಾಕಿಕೊಂಡಿರುವುದು ಹೀಗಿದೆ: ಮಾಸ್ಕ್‌ಗೆ ಮುಖವಾಡ, ಸ್ನಾರ್ಕೆಲ್‌ಗೆ ಉಸಿರುಕೊಳವೆ, ಫಿನ್‌ಗೆ ಈಜುರೆಕ್ಕೆ, ಟ್ಯಾಂಕ್‌ಗೆ ಆಮ್ಲಜನಕ ಸಿಲಿಂಡರ್, ರೆಗ್ಯುಲೇಟರ್‌ಗೆ ನಿಯಂತ್ರಕ. ಗಾಳಿ ತುಂಬಿಸಿ ತೇಲುವ ಬಿಸಿಡಿ ಜಾಕೆಟ್‌ಗೆ ಪದ ಸಿಕ್ಕಿಲ್ಲ. ಬೋರ್ಡಿನ ತಲೆಬರಹ ‘ಮುಳುಗುವವರಿಗೆ ಸೂಚನೆ’. ದಯವಿಟ್ಟು ನೋಡಿ ಹೇಳಿ.

ಬರೆದವರು: ನಿವೃತ್ತ ಕನ್ನಡ ಮೇಷ್ಟ್ರು, ಮೈಸೂರು

ಈಜುರೆಕ್ಕೆ ಚೆನ್ನಾಗಿದೆ. ಮುಖವಾಡ ಬೇಡ. ಅದು ಮುಖ ಮರೆಸುವ ವಸ್ತು, ಇಲ್ಲಿ ಬೇಕಿರುವುದು ಕಾಣಿಸುವ ವಸ್ತು. ‘ಮೊಗಗನ್ನಡಿ’ ಎನ್ನಿ. ಬಿಸಿಡಿಗೆ ‘ತಿದಿಯಂಗಿ’. ತಿದಿ ನಮ್ಮ ಹಳೆಯ ಪದ. ತೊಗಲು, ತೊಗಲಿನ ಚೀಲ, ಕಮ್ಮಾರನ ಕುಲುಮೆಗೆ ಗಾಳಿ ಊದುವ ಚೀಲ, ಇಷ್ಟೂ ಅರ್ಥ ಅದಕ್ಕಿದೆ. ಗಾಳಿ ತುಂಬುವ, ಗಾಳಿ ಬಿಡುವ ಚೀಲಕ್ಕೆ ನಮ್ಮಲ್ಲೇ ಪದ ಇರುವಾಗ ಮೂರು ಇಂಗ್ಲಿಷ್ ಅಕ್ಷರ ಯಾಕೆ?

ಆಮ್ಲಜನಕ ಕನ್ನಡವೂ ಅಲ್ಲ, ವಿಜ್ಞಾನವೂ ಅಲ್ಲ. ಎಲ್ಲ ಆಮ್ಲಗಳೂ ಅದರಿಂದಲೇ ಹುಟ್ಟುತ್ತವೆ ಎಂದು ಫ್ರೆಂಚ್ ರಸಾಯನ ವಿಜ್ಞಾನಿ ಲಾವೋಸಿಯೆ ನಂಬಿದ್ದ, ಹೆಸರನ್ನೂ ಹಾಗೇ ಇಟ್ಟ. ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಆ ತಪ್ಪನ್ನೇ ನಾವು ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ‘ಉಸಿರುಗಾಳಿಯ ಅಂಡೆ’ ಎಂದು ಬರೆಯಿರಿ.

ಬರೆದವರು: ಡೈವಿಂಗ್ ಕಲಿಸುವವನು, ಕಾರವಾರ

ಆಮ್ಲಜನಕ ಅನ್ನುವುದನ್ನು ಮೊದಲು ಅಳಿಸಿ ಮೇಡಂ. ವ್ಯುತ್ಪತ್ತಿಯ ಮಾತು ಆಮೇಲೆ. ಟ್ಯಾಂಕಿನಲ್ಲಿ ಇರುವುದು ಬರೀ ಗಾಳಿ. ನಾವೀಗ ಉಸಿರಾಡುತ್ತಿರುವ ಗಾಳಿಯನ್ನೇ ಸೋಸಿ, ಸುಮಾರು 200 ಬಾರ್ ಒತ್ತಡಕ್ಕೆ ತುಂಬಿರುತ್ತಾರೆ. ಅದರಲ್ಲಿ ಆಕ್ಸಿಜನ್ ಶೇ 21. ಶುದ್ಧ ಆಕ್ಸಿಜನ್ ಉಸಿರಾಡಿಕೊಂಡು ಸುಮಾರು 6 ಮೀಟರ್‌ಗಿಂತ ಕೆಳಗೆ ಹೋದರೆ ಅದೇ ವಿಷವಾಗುತ್ತದೆ. ನೀರಿನಲ್ಲೇ ಫಿಟ್ಸ್ ಬರಬಹುದು. ಪತ್ರಿಕೆಗಳಲ್ಲಿ ‘ಆಮ್ಲಜನಕ ಸಿಲಿಂಡರ್ ಕಟ್ಟಿಕೊಂಡು ಇಳಿದರು’ ಎಂದು ಓದಿದಾಗೆಲ್ಲ ಸಿಟ್ಟು ಬರುತ್ತದೆ. ‘ಗಾಳಿ ಟ್ಯಾಂಕ್’ ಸಾಕು. ಉಸಿರುಗಾಳಿ ಎಂದರೂ ಕೆಲವರು ಆಕ್ಸಿಜನ್ ಎಂದೇ ತಿಳಿಯುತ್ತಾರೆ, ಅದೂ ಬೇಡ.

ಮೊಗಗನ್ನಡಿ ಅಂದರೆ ನಮ್ಮ ದೋಣಿಯವರಿಗೆ ಕ್ಷೌರದಂಗಡಿಯ ಕನ್ನಡಿ ನೆನಪಾಗುತ್ತದೆ. ಮಾಸ್ಕ್ ಎಂದೇ ಇರಲಿ. ಹೆಸರಿಗಿಂತ ಅದು ಕೂರುವ ರೀತಿ ಮುಖ್ಯ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಹಿಡಿಯಿರಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದುಕೊಳ್ಳಿ, ಕೈ ಬಿಡಿ. ಉಸಿರು ಹಿಡಿದಿರುವಷ್ಟು ಹೊತ್ತು ಬೀಳದೆ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ಸಿಲಿಕೋನ್ ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿದರೂ ನೀರು ಬರುತ್ತದೆ. ಮೀಸೆಯವರಿಗೆ ಈ ಕಷ್ಟ ಜಾಸ್ತಿ. ಮೂಗು ಒಳಗಿರಲೇಬೇಕು, ಈಜುಕೊಳದ ಕನ್ನಡಕ ನಡೆಯಲ್ಲ. ಆಳಕ್ಕೆ ಹೋದಂತೆ ನೀರು ಮಾಸ್ಕನ್ನು ಮುಖಕ್ಕೆ ಒತ್ತುತ್ತದೆ. ಆಗ ಮೂಗಿನಿಂದ ಒಳಗೆ ಗಾಳಿ ಬಿಟ್ಟು ಸರಿಮಾಡಿಕೊಳ್ಳಬೇಕು.

ನಿಯಂತ್ರಕ ಯಾರಿಗೂ ತಿಳಿಯಲ್ಲ. ಅಡುಗೆ ಗ್ಯಾಸಿನ ರೆಗ್ಯುಲೇಟರ್ ಎಲ್ಲರ ಮನೆಯಲ್ಲೂ ಇದೆ. ಇದೂ ಅದೇ ಕೆಲಸ ಮಾಡುತ್ತದೆ, ಜಾಸ್ತಿ ಒತ್ತಡವನ್ನು ಇಳಿಸಿ ಕೊಡುತ್ತದೆ. ಟ್ಯಾಂಕಿನ ಬಾಯಿಯಲ್ಲಿ ಒಂದು ಹಂತ, ನಮ್ಮ ಬಾಯಲ್ಲಿ ಇನ್ನೊಂದು ಹಂತ. ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಗ್ಯಾಸಿನಲ್ಲಿ ಕಾರು ಓಡಿಸಲು ಗಾನ್ಯಾನ್ ಎಂಬ ಎಂಜಿನಿಯರ್ ಒಂದು ವಾಲ್ವ್ ಮಾಡಿದ್ದ. ಅದನ್ನೇ ತಿದ್ದಿ ಅವನೂ ನೌಕಾಪಡೆಯ ಅಧಿಕಾರಿ ಕುಸ್ಟೋನೂ ಸೇರಿ 1943ರಲ್ಲಿ ಡೈವಿಂಗ್ ರೆಗ್ಯುಲೇಟರ್ ಮಾಡಿದರು. ಅಂದರೆ ಈ ಎರಡೂ ನಿಜವಾಗಿಯೇ ನೆಂಟರು.

ಬಿಸಿಡಿಯನ್ನು ಲೈಫ್ ಜಾಕೆಟ್ ಎಂದು ಮಾತ್ರ ಬರೆಯಬೇಡಿ. ಎಚ್ಚರ ತಪ್ಪಿದವರ ಮುಖವನ್ನು ಅದು ನೀರಿನ ಮೇಲೆಯೇ ಇಡುತ್ತದೆ ಎಂಬ ಭರವಸೆ ಇಲ್ಲ.

ಬರೆದವರು: ಮೈಸೂರು

ದೋಣಿಯವರು ಆಡಿದ್ದೇ ಪದವಾದರೆ ನಿಘಂಟು ಯಾಕೆ, ಈ ಪಟ್ಟಿ ಯಾಕೆ? ತಿದಿಯ ಬಗ್ಗೆ ಒಂದು ಮಾತೂ ಇಲ್ಲ. ಬಳಸದೆ ಬಿಟ್ಟ ಪದವೇ ಸಾಯುವುದು. ಇವತ್ತು ಮಾಸ್ಕ್, ನಾಳೆ ವಾಟರ್, ನಾಡಿದ್ದು ಸೀ. ನನ್ನ ಒಪ್ಪಿಗೆ ಇಲ್ಲ.

ಬರೆದವರು: ಧಾರವಾಡ

ಸರ್, ನಮ್ಮ ಕಡೆ ಬೀಗಕ್ಕೆ ಚಾವಿ ಹಾಕುತ್ತೇವೆ, ತಿಂಗಳಿಗೆ ಪಗಾರ ತಗೋತೇವೆ, ಬಟಾಟಿ ಪಲ್ಯ ತಿನ್ನುತ್ತೇವೆ. ಮೂರೂ ಪೋರ್ಚುಗೀಸರು ಸಮುದ್ರದ ಮೇಲೆ ತಂದ ಪದಗಳು. ಇದರಿಂದ ನಮ್ಮ ಕನ್ನಡ ಕೆಟ್ಟಿಲ್ಲ. ವಸ್ತು ಬಂದಾಗ ಹೆಸರೂ ಬರುತ್ತದೆ, ‘ಇಗೆ’, ‘ಇನಲ್ಲಿ’ ಹತ್ತಿಸಿಕೊಂಡು ಕನ್ನಡವೇ ಆಗುತ್ತದೆ. ‘ವಾಟರ್’ ಅದರಂತಲ್ಲ. ನೀರು ನಮ್ಮಲ್ಲಿ ಮೊದಲೇ ಇತ್ತು. ಈ ವ್ಯತ್ಯಾಸ ನಿಮಗೆ ಗೊತ್ತಿಲ್ಲದ್ದಲ್ಲ.

ನನಗೆ ತಕರಾರು ಇರುವುದು ತಲೆಬರಹದ ಬಗ್ಗೆ. ‘ಮುಳುಗುವವರಿಗೆ ಸೂಚನೆ’ ಓದಿದರೆ ಜೀವ ಝಲ್ ಎನ್ನುತ್ತದೆ. ‘ಮುಳುಗು ತಜ್ಞರು’ ಎನ್ನುವುದನ್ನು ನಾವು ಓದುವುದೇ ಕೆರೆಯಲ್ಲಿ ಯಾರಾದರೂ ಹೋದ ಸುದ್ದಿಯಲ್ಲಿ. ಬೇಕೆಂದು ಮುಳುಗುವುದಕ್ಕೂ ಆಪತ್ತಿಗೆ ಸಿಕ್ಕಿ ಮುಳುಗುವುದಕ್ಕೂ ನಮಗೆ ಒಂದೇ ಕ್ರಿಯಾಪದ. ‘ನೀರಿಗಿಳಿಯುವ ಮುನ್ನ’ ಎನ್ನಿ. ಇಳಿದವರು ಏರುತ್ತಾರೆ.

ಉಸಿರುಕೊಳವೆ ಎಂದರೆ ಗಂಟಲಿನೊಳಗಿನದೂ ಆಗುತ್ತದೆ. ಸ್ನಾರ್ಕೆಲ್ ಎಂದೇ ಇರಲಿ.

ಬರೆದವರು: ಮೈಸೂರು

‘ನೀರಿಗಿಳಿಯುವ ಮುನ್ನ’ ಒಪ್ಪಿದೆ. ಅದು ಕನ್ನಡ. ಉಳಿದದ್ದಕ್ಕೆ ನನ್ನ ವಿರೋಧ ದಾಖಲಾಗಿರಲಿ. ‘ವೆಟ್‌ಸೂಟ್’ ಬಗ್ಗೆ ಯಾರೂ ಮಾತೇ ಆಡಿಲ್ಲ. ‘ಒದ್ದೆಯುಡುಪು’ ಎಂದರೆ ಏನು ಕಷ್ಟ?

ಬರೆದವರು: ಕಾರವಾರ

ಒದ್ದೆಯುಡುಪು ಅಂದರೆ ಒಗೆದು ಹಿಂಡಿದ ಬಟ್ಟೆ. ಬೇಡ. ಅದು ನೀರನ್ನು ತಡೆಯುವ ಬಟ್ಟೆ ಅಲ್ಲ. ಒಳಗೆ ತೆಳುವಾಗಿ ನೀರು ಸೇರುತ್ತದೆ, ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಸಡಿಲ ಇದ್ದರೆ ಆ ನೀರು ಹರಿದುಹೋಗಿ ಚಳಿ ಹಿಡಿಯುತ್ತದೆ. ‘ಮೈಗೆ ಅಂಟಿದಂತೆ ಇರಲಿ, ಉಸಿರು ಕಟ್ಟದಿರಲಿ’ ಎಂದು ಬರೆಯಿರಿ. ನಮ್ಮ ಸಮುದ್ರಕ್ಕೆ 3 ಮಿಲಿಮೀಟರ್ ದಪ್ಪ ಸಾಕು.

ಬರೆದವರು: ಅನುವಾದಕಿ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ಪೇಂಟರ್‌ಗೆ ಕಳಿಸುತ್ತಿರುವುದು ಇದು:

‘ನೀರಿಗಿಳಿಯುವ ಮುನ್ನ. ಮಾಸ್ಕ್: ಪಟ್ಟಿ ಹಾಕದೆ ಮೂಗಿನಿಂದ ಎಳೆದು ನೋಡಿ, ಅಂಟಿಕೊಂಡರೆ ಸರಿ. ಈಜುರೆಕ್ಕೆ: ಬೆರಳು ಮುದುಡಬಾರದು, ಹಿಮ್ಮಡಿ ಜಾರಬಾರದು. ವೆಟ್‌ಸೂಟ್: ಮೈಗೆ ಅಂಟಿದಂತೆ ಇರಲಿ, ಉಸಿರು ಕಟ್ಟದಿರಲಿ. ಗಾಳಿ ಜಾಕೆಟ್: ಇದು ಲೈಫ್ ಜಾಕೆಟ್ ಅಲ್ಲ. ಸೀಸದ ತೂಕದ ಬೆಲ್ಟ್: ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಗಾಳಿ ಟ್ಯಾಂಕ್: ಒತ್ತಡ ತೋರಿಸುವ ಮುಳ್ಳು 50 ಬಾರ್‌ಗೆ ಇಳಿಯುವ ಮೊದಲೇ ಮೇಲೆ ಬಂದಿರಬೇಕು. ರೆಗ್ಯುಲೇಟರ್: ಉಸಿರಾಡುತ್ತಲೇ ಇರಿ, ಎಂದೂ ಉಸಿರು ಬಿಗಿಹಿಡಿಯಬೇಡಿ.’

ರೆಗ್ಯುಲೇಟರಿನ ಜೊತೆ ಇರುವ ಆ ಹಳದಿ ಕೊಳವೆಯ ‘ಆಕ್ಟೋಪಸ್’ ಒಂದು ಬಾಕಿ. ಹಾಗೇ ಬರೆದರೆ ಜನ ಸಮುದ್ರದ ಪ್ರಾಣಿ ಎಂದುಕೊಳ್ಳುತ್ತಾರೆ.

ಬರೆದವರು: ಕಾರವಾರ

ಹೆಸರೇ ಬೇಡ. ‘ಹಳದಿ ಕೊಳವೆ: ಜೊತೆಯವರ ಗಾಳಿ ಮುಗಿದರೆ ಇದನ್ನು ಕೊಡಿ.’ ಬಣ್ಣ ಬಿಡಿಸಿ ತೋರಿಸಲು ಪೇಂಟರ್‌ಗೆ ಹೇಳಿ.