ಅಪ್‌ಡೇಟ್: ಐಪ್ಯಾಡ್ ಮ್ಯಾಪ್‌ನಲ್ಲಿ ವಿಮಾನದ ಗುರುತು ಮಾಯವಾಗುತ್ತಿದ್ದುದಕ್ಕೆ ಪರಿಹಾರ ಸಿಕ್ಕಿತು

ಫ್ಲೈಟ್ ಪ್ಲ್ಯಾನಿಂಗ್ ಆ್ಯಪ್ ಮೈಸೂರಿನ ಮನೆಯಲ್ಲಿ ನಾನಿರುವ ಜಾಗ ಸರಿಯಾಗಿ ತೋರಿಸುತ್ತದೆ, ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹಾರಿದ ಮೇಲೆ ಗುರುತೇ ಇರುವುದಿಲ್ಲ, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ತೊಂದರೆ ಆ್ಯಪ್‌ನದ್ದಲ್ಲ. ನನ್ನದು ವೈಫೈ ಮಾತ್ರ ಇರುವ ಐಪ್ಯಾಡ್, ಅದರಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ! ಊರೊಳಗೆ ಅಕ್ಕಪಕ್ಕದ ವೈಫೈ ಹಿಡಿದು ಜಾಗ ಅಂದಾಜು ಮಾಡುತ್ತದೆ, ಅಷ್ಟೇ. ಸೆಲ್ಯುಲಾರ್ ಮಾಡೆಲ್‌ನಲ್ಲಿ ಚಿಪ್ ಇರುತ್ತದೆ, ಸಿಮ್ ಹಾಕದಿದ್ದರೂ ಜಿಪಿಎಸ್ ಸಿಗುತ್ತದೆ.

ಬ್ಲೂಟೂತ್ ಜಿಪಿಎಸ್ ರಿಸೀವರ್ ತಗೊಳ್ಳಿ ಅಂದವರ ಸಲಹೆಯೇ ಕೆಲಸ ಮಾಡಿತು. ಮೊದಲು ನಂಜನಗೂಡು ರಸ್ತೆಯಲ್ಲಿ ಕಾರಿನಲ್ಲಿ ನೋಡಿದೆ. ಆಮೇಲೆ ವಿಮಾನದಲ್ಲಿ. ಕೆಳಗೆ ಕೆಆರ್‌ಎಸ್ ಕಟ್ಟೆ ಕಾಣುವಾಗ ಮ್ಯಾಪ್‌ನಲ್ಲೂ ಗುರುತು ಕಟ್ಟೆಯ ಮೇಲೆಯೇ ಇತ್ತು. ತುಂಬಾ ಖುಷಿಯಾಯಿತು.

ಆ್ಯಪ್ ತೆಗೆದು ಮತ್ತೆ ಹಾಕಿದ್ದು, ಲೊಕೇಶನ್ ಪರ್ಮಿಷನ್ ಬದಲಿಸಿದ್ದು ಉಪಯೋಗವಾಗಲಿಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿದ್ದರಿಂದಲೂ ಗುರುತು ಬರಲಿಲ್ಲ. ಆದರೆ ಅದನ್ನು ಮಾತ್ರ ಬಿಡಬೇಡಿ, ಮೇಲೆ ನೆಟ್ ನಂಬುವ ಹಾಗಿಲ್ಲ ಅಲ್ವಾ.

ಬಿಸಿಲಿಗೆ ಐಪ್ಯಾಡ್ ಕಾದು ಆಫ್ ಆಗಬಹುದು ಅಂತ ಎಚ್ಚರಿಸಿದವರ ಮಾತೂ ನಿಜ. ಐಪ್ಯಾಡ್ ಬಳಸಲು ಆ್ಯಪಲ್ ಹೇಳುವ ಸುತ್ತಲಿನ ತಾಪಮಾನದ ಮಿತಿ 35 ಡಿಗ್ರಿ ಸೆಲ್ಸಿಯಸ್. ಗಾಜಿನ ಹತ್ತಿರ ಇಡದೆ, ದಪ್ಪ ಕವರ್ ತೆಗೆದು ತೊಡೆಯ ಮೇಲೆ ಕಟ್ಟಿಕೊಂಡೆ. ಆಫ್ ಆಗಲಿಲ್ಲ.

ಇನ್ನೊಂದು ವಿಷಯ. ಕಂಪ್ಯೂಟರ್‌ನಲ್ಲಿ ಪ್ಲ್ಯಾನ್ ಮಾಡುವಾಗ ಹೊರಗಿನ ತಾಪಮಾನ 35 ಡಿಗ್ರಿ ಅಂತ ಹಾಕಿ ನೋಡಿ. ಮಂಡಕಳ್ಳಿ ಸುಮಾರು 2,350 ಅಡಿ ಎತ್ತರದಲ್ಲಿದೆ, ಡೆನ್ಸಿಟಿ ಆಲ್ಟಿಟ್ಯೂಡ್ 5,000 ಅಡಿ ದಾಟುತ್ತದೆ, ಅಂದರೆ ಬಿಸಿಗೆ ಗಾಳಿ ತೆಳುವಾಗಿ ವಿಮಾನಕ್ಕೆ ಅಷ್ಟು ಎತ್ತರದಲ್ಲಿ ಇರುವ ಹಾಗೆ. ಟೇಕಾಫ್‌ಗೆ ರನ್‌ವೇ ಜಾಸ್ತಿ ಬೇಕು. ಪೇಪರ್ ಚಾರ್ಟ್ ಈಗಲೂ ಬ್ಯಾಗಿನಲ್ಲೇ ಇದೆ.